ಹದಿನೇಳು ದಬ್ಬೊಲೆಗಳು

"ಅಪ್ಪ, ಕೈ ತೆಗಿ ಅಲ್ಲಿಂದ. ಕೈ ತೆಗಿ ಅಂದ್ನಲ್ಲ!"

ಓದೀಲ್ ಕೂಗಿದ ಮೇಲೇ ಲೂಜೆ ಸೀರ್ ಕಬ್ಬಿಣದ ಒಲೆಯ ಅಂಚಿನಿಂದ ಬೆರಳು ಹಿಂದಕ್ಕೆಳೆದುಕೊಂಡದ್ದು. ಅದರ ಬೆನ್ನಿಗೇ ಎರಡು ಕ್ವಿಂಟಾಲು ತೂಕದ ಆ ಒಲೆ ಅಗ್ಗಿಷ್ಟಿಕೆಯ ಬಾಯಿಂದ ಕಳಚಿಕೊಂಡು ಹಲಗೆಯ ಮೇಲೆ ಧೊಪ್ಪನೆ ಕುಳಿತಿತು. ಮನೆಯ ನೆಲವೆಲ್ಲ ಒಮ್ಮೆ ಅದುರಿತು. ನಲವತ್ತು ವರ್ಷದ ಮಸಿ ಮೇಲೆದ್ದು ಅಪ್ಪ ಮಗಳಿಬ್ಬರ ಮುಖಕ್ಕೂ ಬಡಿಯಿತು.

"ನೆಲ ಮುರಿದ್ರೆ ನೋಡಿ, ಹಲಗೆ ಬದಲು ನಿಮ್ಮಿಬ್ಬರನ್ನೇ ಅಲ್ಲಿ ಹಾಸಿಬಿಡ್ತೀನಿ," ಎಂದು ಅಡುಗೆಮನೆಯಿಂದ ಫಿಲೊಮೆನ್ ದನಿ ಬಂತು.

"ಅಕ್ಕ, ನಾನೇ ಹಾಕಿದ ನೆಲ ಅದು. ಮುರಿಯಲ್ಲ," ಎಂದ ಲೂಜೆ.

"ನೀನು ಹಾಕಿದ್ದು ಅಂತಲೇ ನನಗೆ ಭಯ."

ಫಿಲೊಮೆನ್‌ಗೆ ಎಂಬತ್ತೊಂದು. ತಮ್ಮ ಲೂಜೆಗೆ ಎಪ್ಪತ್ತೇಳು. ಇಬ್ಬರೂ ಎದುರುಬದುರಾದರೆ ಹೀಗೆ ಚುಚ್ಚಿಕೊಳ್ಳದೆ ಒಂದು ಲೋಟ ಚಹಾ ಕುಡಿದವರಲ್ಲ. ಓದೀಲ್ ನಡುವೆ ಬಾಯಿ ಹಾಕಲು ಹೋಗಲಿಲ್ಲ. ಅವಳು ಮಂಡಿಯೂರಿ, ಹಣೆಗೆ ದೀಪ ಕಟ್ಟಿಕೊಂಡು, ಖಾಲಿಯಾದ ಅಗ್ಗಿಷ್ಟಿಕೆಯೊಳಗೆ ತಲೆ ಹಾಕಿದಳು. ಬಾಯಿಯ ಅಂಚಿಗೇ, ಪಕ್ಕದ ಇಟ್ಟಿಗೆಗಳ ನಡುವೆ ಗಾರೆಯಲ್ಲಿ ಮೊಳೆಯಿಂದ ಕೊರೆದ ಅಕ್ಷರಗಳು ಕಂಡವು. 'ಎಲ್. ಸೀರ್, ೧೯೭೯.'

"ಅಪ್ಪ, ನಿನ್ನ ಹೆಸರಿದೆ ಇಲ್ಲಿ."

"ಇರದೆ ಏನು? ನಲವತ್ತೊಂದು ಮನೇಲೂ ಇದೆ," ಎಂದ ಲೂಜೆ. ಆ ಮಾತಿನಲ್ಲಿದ್ದ ಜಂಬ ಮಸಿಯ ನಡುವೆಯೂ ಹೊಳೆಯಿತು.

ಜಂಬಕ್ಕೆ ಕಾರಣವಿತ್ತು ಅನ್ನಿ. ಆ ವರ್ಷ ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯ ಬೆಲೆ ಏಕಾಏಕಿ ಎರಡರಷ್ಟಾಗಿ, ಕೆನಡಾ ಗಡಿಯ ಹೊಳೆದಂಡೆಯ ಗ್ರಾಂದ್‌ಕೂದ್ ಊರಿನಲ್ಲಿ ಆಲೂಗಡ್ಡೆ ಬೆಳೆಯುವವರು ಮಕ್ಕಳನ್ನು ಒಂದೇ ಕೋಣೆಯಲ್ಲಿ ಮಲಗಿಸಿ ಉಳಿದ ಕೋಣೆಗಳಿಗೆ ಕಂಬಳಿ ಇಳಿಬಿಟ್ಟಿದ್ದರು. ಮನೆಮನೆಯಲ್ಲೂ ಅಗ್ಗಿಷ್ಟಿಕೆಯೇನೋ ಇತ್ತು. ಆದರೆ ತೆರೆದ ಅಗ್ಗಿಷ್ಟಿಕೆ ಎಂದರೆ ಗೊತ್ತಲ್ಲ, ನೂರು ಪಾಲು ಕಾವಿನಲ್ಲಿ ತೊಂಬತ್ತು ಪಾಲನ್ನು ಆಕಾಶಕ್ಕೆ ಕೊಟ್ಟುಬಿಡುತ್ತದೆ. ಅದರ ಬಾಯೊಳಗೆ ಬಾಗಿಲಿರುವ ಕಬ್ಬಿಣದ ಒಲೆಯೊಂದನ್ನು ಕೂರಿಸಿದರೆ ಅದೇ ಸೌದೆಯಲ್ಲಿ ಇಡೀ ಮನೆ ಬೆಚ್ಚಗಾಗುತ್ತದೆ ಎಂದು ತೋರಿಸಿಕೊಟ್ಟವನು ಗಾರೆ ಕೆಲಸದ ಲೂಜೆ. ಒಲೆಯನ್ನು ಒಳಕ್ಕೆ ದಬ್ಬುವುದು, ಸುತ್ತ ತಗಡು ಮುಚ್ಚುವುದು, ಬೆಂಕಿ ಹಚ್ಚುವುದು. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಕೆಲಸ ಮುಗಿಯುತ್ತಿತ್ತು. ಊರವರು ಪ್ರೀತಿಯಿಂದ ಅದಕ್ಕೆ 'ದಬ್ಬೊಲೆ' ಎಂದೇ ಹೆಸರಿಟ್ಟರು. ಒಲೆಯ ನೆತ್ತಿಯಿಂದ ಚಿಮಣಿಯ ತುದಿಯವರೆಗೆ ಹೊಗೆಗೆಂದೇ ಒಂದು ಉಕ್ಕಿನ ಕೊಳವೆ ಇರಬೇಕು ಎಂದು ಆಗ ಯಾರೂ ಹೇಳಲಿಲ್ಲ. ಮಾರುವವನೂ ಹೇಳಲಿಲ್ಲ, ಕೊಳ್ಳುವವನೂ ಕೇಳಲಿಲ್ಲ.

ಅದನ್ನು ಮೊದಲು ಹೇಳಿದವಳು ಓದೀಲ್. ಅವಳು ಪರೀಕ್ಷೆ ಕಟ್ಟಿ, ಪರವಾನಗಿ ಪಡೆದು, ಚಿಮಣಿ ಕೆಲಸ ಹಿಡಿದು ಹತ್ತೊಂಬತ್ತು ವರ್ಷವಾಗಿತ್ತು. ಅಪ್ಪನಿಗೆ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು. "ನಲವತ್ತು ವರ್ಷ ಉರಿದಿಲ್ವೇನೆ? ಒಂದು ಕಿಡಿ ಆಚೆ ಬಂತಾ?" ಎನ್ನುವುದು ಅವನ ಉತ್ತರ. ಈಗ ಅತ್ತೆಯ ಒಲೆಯ ಮೈ ಸೀಳುಬಿಟ್ಟದ್ದರಿಂದ ಹೊಸದನ್ನು ಕೂರಿಸಲು ಅವಳಿಗೆ ಅವಕಾಶ ಸಿಕ್ಕಿತ್ತು. ಶುಕ್ರವಾರ ಸಕಲ ಸಂತರ ಹಬ್ಬ. ಇಪ್ಪತ್ತೆರಡು ಜನ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ಒಲೆ ಉರಿಯಬೇಕು ಎಂಬುದೊಂದೇ ಅತ್ತೆಯ ಷರತ್ತು. ಇವತ್ತು ಸೋಮವಾರ.

ಓದೀಲ್ ಸರಳಿನ ತುದಿಗೆ ಕ್ಯಾಮೆರಾ ಕಟ್ಟಿ ಚಿಮಣಿಯೊಳಗೆ ಏರಿಸಿದಳು. ಕೈಯಲ್ಲಿದ್ದ ಸಣ್ಣ ಪರದೆಯ ಮೇಲೆ ಕಪ್ಪು ಗೋಡೆ ಮೆಲ್ಲಗೆ ಕೆಳಗಿಳಿಯತೊಡಗಿತು. ಅದು ಬರೀ ಮಸಿಯಲ್ಲ. ಡಾಂಬರು. ತಣ್ಣನೆಯ ದೊಡ್ಡ ಚಿಮಣಿಯಲ್ಲಿ ಹೊಗೆ ಹೆಪ್ಪುಗಟ್ಟಿ, ಪದರದ ಮೇಲೆ ಪದರ ಕೂತು, ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಒಂದು ಕಡೆ ಮಾತ್ರ ಡಾಂಬರು ಇರಲಿಲ್ಲ. ಅಲ್ಲಿ ಚಿಮಣಿಯ ಒಳಮೈಗೆ ಕಟ್ಟಿದ್ದ ಮಣ್ಣಿನ ಹಂಚು ಮೇಲಿಂದ ಕೆಳಗೆ ಸೀಳಿತ್ತು.

"ಅತ್ತೆ, ಇಲ್ಲಿ ಬನ್ನಿ. ಯಾವತ್ತಾದ್ರೂ ಚಿಮಣಿಯೊಳಗೆ ಜೋರಾಗಿ ಶಬ್ದ ಬಂದಿತ್ತಾ? ರೈಲು ಹೋದ ಹಾಗೆ?"

ಫಿಲೊಮೆನ್ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. "ಅದು ಗಾಳಿ ಕಣೆ. ನಮ್ಮೋರು ತೀರಿಕೊಂಡ ಚಳಿಗಾಲ. ರಾತ್ರಿಯೆಲ್ಲ ಮೊರೀತಿತ್ತು. ನಾನು ಜಪಮಾಲೆ ಹಿಡ್ಕೊಂಡು ಕೂತಿದ್ದೆ. ಅವರೇ ಬಂದ್ರು ಅಂದ್ಕೊಂಡೆ."

"ಗಾಳಿ ಅಲ್ಲ ಅತ್ತೆ, ಡಾಂಬರಿಗೆ ಬೆಂಕಿ ಹತ್ತಿತ್ತು. ಚಿಮಣಿ ಉರೀತಿತ್ತು."

ಫಿಲೊಮೆನ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಲೂಜೆ ಪರದೆಯನ್ನು ಮಗಳ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ.

"ಹಂಚು ಸೀಳಿದ್ರೆ ಏನಾಯ್ತು? ಹೊರಗೆ ಇಟ್ಟಿಗೆ ಇದೆ," ಎಂದ.

"ಇಟ್ಟಿಗೆ ಆಚೆ ಏನಿದೆ?"

ಲೂಜೆ ಅಗ್ಗಿಷ್ಟಿಕೆಯ ಮೇಲಿನ ಗೋಡೆಯನ್ನು ನೋಡಿದ. ಅವನಿಗೆ ಗೊತ್ತಿತ್ತು. ಅಗ್ಗಿಷ್ಟಿಕೆಯ ಮೇಲೆ ಸಂತ ಆನಳ ಪಟ ತೂಗುಹಾಕಿದ್ದ ಗೋಡೆಯ ಹಿಂದೆ, ಮನೆ ಕಟ್ಟಿದ ದಿನದಿಂದ ಮಲಗಿದ್ದ ಒಂದು ಸೀಡರ್ ತೊಲೆ ಇತ್ತು. ಓದೀಲ್ ಪಟವನ್ನು ಇಳಿಸಿ ಅತ್ತೆಯ ಕೈಗೆ ಕೊಟ್ಟಳು. ಸುತ್ತಿಗೆ, ಉಳಿ ಹಿಡಿದು ಗಾರೆಯನ್ನು ಒಂದು ಕಿಟಕಿಯಷ್ಟು ಅಗಲಕ್ಕೆ ಕೆಡವಿದಳು.

ತೊಲೆ ಕಂಡಿತು. ಅಂಗೈ ಅಗಲದ ಮರ ಉಳಿದಿತ್ತು, ಅಷ್ಟೆ. ಮಿಕ್ಕದ್ದೆಲ್ಲ ಇದ್ದಿಲು. ವರ್ಷ ವರ್ಷವೂ ಇಟ್ಟಿಗೆಯ ಕಾವಿಗೆ ಒಳಗೊಳಗೇ ಬೆಂದು, ಚೌಕ ಚೌಕವಾಗಿ ಬಿರುಕುಬಿಟ್ಟು ನಿಂತಿತ್ತು. ಓದೀಲ್ ಉಳಿಯ ತುದಿಯಿಂದ ಮುಟ್ಟಿದ್ದಕ್ಕೆ ಒಂದು ತುಂಡು ಸದ್ದಿಲ್ಲದೆ ಉದುರಿ ಅವಳ ಬೂಟಿನ ಮೇಲೆ ಬಿತ್ತು.

"ಹೀಗೆ ಬೆಂದ ಮರಕ್ಕೆ ಕಿಡಿ ಬೇಕಾಗಿಲ್ಲ ಅಪ್ಪ. ಬರೀ ಕಾವು ಸಾಕು. ಈ ಚಳಿಗಾಲವೋ, ಮುಂದಿನದ್ದೋ."

ಅವಳ ದನಿಯಲ್ಲಿ ಗೆದ್ದ ಸಡಗರ ಇರಲಿಲ್ಲ. ಅಪ್ಪನ ಮುಖ ನೋಡಲು ಅವಳಿಗೆ ಆಗಲೂ ಇಲ್ಲ. ಹತ್ತೊಂಬತ್ತು ವರ್ಷ ವಾದ ಮಾಡಿದ್ದು ಇದನ್ನು ಕಣ್ಣಾರೆ ನೋಡಲಿಕ್ಕಾ ಎಂದುಕೊಂಡಳು.

ಮೊದಲು ಮಾತಾಡಿದವಳು ಫಿಲೊಮೆನ್. ಸಂತ ಆನಳ ಪಟವನ್ನು ತಬ್ಬಿಕೊಂಡು ನಿಂತಿದ್ದವಳು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಲೂಜೆ, ಕೇಳಿಲ್ಲಿ. ಮರ ಬೆಂದಿದೆ, ಮನೆ ಬೆಂದಿಲ್ಲ. ರಿಪೇರಿ ಮಾಡಿ ಮುಚ್ಚಿಬಿಡಿ. ಊರಿಗೆಲ್ಲ ಡಂಗುರ ಸಾರೋದೇನೂ ಬೇಡ. ಜನ ಬಿಡ್ತಾರಾ? ಲೂಜೆ ಸೀರ್ ಮನೆಮನೆಗೂ ಬೆಂಕಿ ಇಟ್ಟುಬಂದ ಅಂತಾರೆ. ನಮ್ಮ ಅಪ್ಪನ ಹೆಸರೂ ಸೇರಿ ಹೋಗತ್ತೆ."

ಲೂಜೆ ಬಗ್ಗಿ ಮಗಳ ಬೂಟಿನ ಮೇಲಿದ್ದ ಇದ್ದಿಲ ತುಂಡನ್ನು ಎತ್ತಿಕೊಂಡ. ಬೆರಳುಗಳ ನಡುವೆ ಒತ್ತಿ ನೋಡಿದ. ಅದು ಪುಡಿಯಾಯಿತು.

ಮಂಗಳವಾರ ಇಡೀ ದಿನ ಅಪ್ಪ ಮಗಳು ಕೆಲಸ ಮಾಡಿದರು. ಗೋಡೆಗೆ ಆಸರೆ ಕೊಟ್ಟು ತೊಲೆಯನ್ನು ಕೊಯ್ದು ತೆಗೆದರು. ಅದರ ಜಾಗಕ್ಕೆ ಕಬ್ಬಿಣದ ಪಟ್ಟಿ ಬಂತು. ಮರ ಎಂಬುದೆಲ್ಲ ಚಿಮಣಿಯ ಇಟ್ಟಿಗೆಯಿಂದ ಎರಡೆರಡು ಅಂಗುಲ ಹಿಂದೆ ಸರಿಯಿತು. ಇಟ್ಟಿಗೆ ಕೆಲಸವನ್ನು ಲೂಜೆ ಯಾರಿಗೂ ಬಿಡಲಿಲ್ಲ. ಕರಣಿ ಹಿಡಿದ ಕೈ ಎಪ್ಪತ್ತೇಳರಲ್ಲೂ ನಡುಗುತ್ತಿರಲಿಲ್ಲ. ಓದೀಲ್ ಸರಪಳಿ ಕಟ್ಟಿದ ಸರಳನ್ನು ತಿರುಗಿಸಿ ತಿರುಗಿಸಿ ಚಿಮಣಿಯ ಡಾಂಬರನ್ನು ಕೆರೆದು ಇಳಿಸಿದಳು. ಐದು ಬಕೆಟ್ ಬಂತು.

ಬುಧವಾರ ಕೊಳವೆ ಇಳಿಸುವ ಕೆಲಸ. ಮೇಲಿಂದ ಒಬ್ಬರು ಬಿಡಬೇಕು, ಕೆಳಗಿಂದ ಒಬ್ಬರು ಹಗ್ಗ ಎಳೆಯಬೇಕು. ಲೂಜೆ ಏಣಿಯ ಮೇಲೆ ಕಾಲಿಟ್ಟದ್ದೇ ತಡ, ಓದೀಲ್ ಅವನ ಪ್ಯಾಂಟಿನ ಬೆಲ್ಟು ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ?"

"ಮೇಲಕ್ಕೆ."

"ಮೇಲಕ್ಕೆ ಹೋಗೋಕೆ ಇನ್ನೂ ಟೈಮಿದೆ. ಈಗ ಒಳಗೆ ಹೋಗಿ ಹಗ್ಗ ಹಿಡ್ಕೊ."

"ನಿನ್ನ ಅಮ್ಮ ಇದ್ದಿದ್ರೆ ನನ್ನ ಹತ್ರ ಹೀಗೆ ಮಾತಾಡ್ತಿದ್ಯಾ?"

"ಅಮ್ಮ ಇದ್ದಿದ್ರೆ ಬೆಲ್ಟಲ್ಲ, ಕಿವಿ ಹಿಡೀತಿದ್ಲು."

ಛಾವಣಿಯ ಮೇಲಿಂದ ಹೊಳೆಯ ಉದ್ದಗಲವೂ ಕಾಣುತ್ತಿತ್ತು. ಆಚೆ ದಡ ಕೆನಡಾ, ಈಚೆ ದಡ ತಮ್ಮದು. ಹೊಳೆಯ ಬದಿಯ ರಸ್ತೆಗುಂಟ ಮನೆಗಳು, ಒಂದೊಂದರ ನೆತ್ತಿಯಲ್ಲೂ ಚಿಮಣಿ. ಈ ಸಲ ಚಳಿ ತಡವಾಗಿತ್ತು. ಇನ್ನೂ ಯಾರೂ ಒಲೆ ಹಚ್ಚಿರಲಿಲ್ಲ. ಶನಿವಾರದಿಂದ ಹೆಪ್ಪುಗಟ್ಟುವ ಚಳಿ ಬರುತ್ತದೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಓದೀಲ್ ಶಾಖ ತಡೆಯುವ ಹೊದಿಕೆ ಸುತ್ತಿದ ಉಕ್ಕಿನ ಕೊಳವೆಯನ್ನು ಭುಜದ ಮೇಲೆ ಹೊತ್ತು, ಅದರ ಮೂತಿಯನ್ನು ಚಿಮಣಿಯ ಬಾಯಿಗೆ ತೂರಿಸಿದಳು. ಹಗ್ಗ ಬಿಗಿಯಾಯಿತು. ಒಂದು ಮೊಳ ಇಳಿದು ನಿಂತಿತು.

"ಓದೀಲ್."

ಅಪ್ಪನ ದನಿ ಚಿಮಣಿಯೊಳಗಿಂದ ನೇರ ಅವಳ ಎದೆಗೇ ಬಂದು ಮುಟ್ಟಿತು. ಇಷ್ಟು ಹತ್ತಿರದಿಂದ ಅವನು ಮಾತಾಡಿ ಎಷ್ಟು ವರ್ಷವಾಗಿತ್ತೋ.

"ಕೇಳಿಸ್ತಿದೆ, ಹೇಳು."

"ಎಷ್ಟು ಉಳಿದಿವೆ?"

ಏನು ಎಂದು ಅವಳು ಕೇಳಲಿಲ್ಲ. "ಹದಿನೇಳು. ಮಿಕ್ಕೋರು ತೆಗೆಸಿದ್ರು, ಇಲ್ಲ ಮನೇನೇ ಕೆಡವಿದ್ರು."

"ನಮ್ಮನೇದು ಸೇರಿಸಿ?"

"ನಮ್ಮನೇದು ಸೇರಿಸಿ."

ಕೆಳಗಿಂದ ಲೂಜೆ ಹಗ್ಗವನ್ನು ಒಮ್ಮೆ ಜಗ್ಗಿ ಬಿಟ್ಟ. ಆಮೇಲೆ, "ಒನೆಸೀಮನ ಮನೆ... ಅದು ಕರೆಂಟು ವೈರಿಂದ ಅಂದ್ರಲ್ಲ ಆಗ?"

ಒನೆಸೀಮನ ಮನೆ ಸುಟ್ಟು ಮೂವತ್ತು ವರ್ಷವಾಗಿತ್ತು. ಜನ ಬದುಕಿದ್ದರು. ಮನೆ, ಮದುವೆಯ ಪಟ, ಅವನ ಪಿಟೀಲು ಎಲ್ಲ ಹೋಗಿತ್ತು. ವೈರು ಎಂದರು. ಎಲ್ಲರೂ ನಂಬಿದರು. ಓದೀಲ್ ಕೊಳವೆಯನ್ನು ತಬ್ಬಿಕೊಂಡು ನಿಂತು ಸುಳ್ಳು ಹೇಳಲೇ ಎಂದು ಒಂದು ಕ್ಷಣ ಯೋಚಿಸಿದಳು.

"ನನಗೆ ಗೊತ್ತಿಲ್ಲ ಅಪ್ಪ. ಇನ್ನು ಯಾರಿಗೂ ಗೊತ್ತಾಗಲ್ಲ."

"ಹಾಗಾದ್ರೆ ನೀನೇ ಹೋಗಿ ಹೇಳು. ಹದಿನೇಳು ಮನೆಗೂ. ನಿನ್ನ ಹತ್ರ ಪರವಾನಗಿ ಇದೆ, ಕ್ಯಾಮೆರಾ ಇದೆ."

"ಹೇಳಿದೀನಿ ಅಪ್ಪ. ಏಳೆಂಟು ಮನೇಲಿ ಹೇಳಿದೀನಿ. ಆಲ್ಸೀದ ಏನಂದ ಗೊತ್ತಾ? ವ್ಯಾಪಾರ ಕುದುರಿಸೋಕೆ ಬಂದ್ಯಾ, ನಿಮ್ಮಪ್ಪ ಹಾಕಿದ ಒಲೆ ಇದು, ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದ. ಅವರು ನಂಬಿರೋದು ನಿನ್ನನ್ನ. ನನ್ನನ್ನಲ್ಲ."

ಹೊಳೆಯ ಮೇಲಿಂದ ಗಾಳಿ ಬಂದು ಅವಳ ಟೋಪಿಯನ್ನು ಅಲುಗಿಸಿತು. ಕೆಳಗೆ ಅಪ್ಪ ಏನು ಮಾಡುತ್ತಿದ್ದಾನೆ, ಅಳುತ್ತಿದ್ದಾನೋ, ಬೈಯಲು ಮಾತು ಹುಡುಕುತ್ತಿದ್ದಾನೋ ಅವಳಿಗೆ ತಿಳಿಯದಾಯಿತು.

"ಎಳೀಲಾ?" ಎಂದ ಲೂಜೆ ಕೊನೆಗೆ.

"ಎಳಿ."

ಕೊಳವೆ ಸರಸರನೆ ಇಳಿಯಿತು.

ಗುರುವಾರ ಹೊಸ ಒಲೆ ಬಂತು. ಮೊದಲಿಗೆ ಅಗ್ಗಿಷ್ಟಿಕೆಯ ಮುಂದಿನ ಕಲ್ಲುಹಾಸನ್ನು ಹದಿನೆಂಟು ಅಂಗುಲ ಮುಂದಕ್ಕೆ ಬೆಳೆಸಿದರು. ಒಲೆಯನ್ನು ಒಳಕ್ಕೆ ಸರಿಸುವಾಗ ಈ ಸಲ ಲೂಜೆ ಬೆರಳು ಇಡಬಾರದ ಕಡೆ ಇಡಲಿಲ್ಲ. ಓದೀಲ್ ಕೊಳವೆಯನ್ನು ಒಲೆಯ ನೆತ್ತಿಗೆ ಕೂಡಿಸಿ ತಿರುಪು ಬಿಗಿದಳು. ಅದರ ಸುತ್ತಲ ಸಂದಿಗೆ ಬೆಂಕಿ ಹತ್ತದ ಕಲ್ಲುಣ್ಣೆ ತುಂಬಿ, ಉಕ್ಕಿನ ತಗಡು ಹೊಡೆದು ಮುಚ್ಚಿದಳು. ಮಲಗುವ ಕೋಣೆಯ ಹೊರಗೆ ವಿಷಗಾಳಿಯನ್ನು ಪತ್ತೆ ಹಚ್ಚುವ ಗಂಟೆ ತೂಗುಹಾಕಿದಳು. ಅಗ್ನಿಶಾಮಕದವನು ಬಂದು ಮೇಲಿನ ಮರದ ಪಟ್ಟಿಗೂ ಒಲೆಗೂ ಇರುವ ಅಂತರವನ್ನು ಟೇಪು ಹಿಡಿದು ಅಳೆದು, ಸಹಿ ಮಾಡಿ, ಫಿಲೊಮೆನ್ ಕೊಟ್ಟ ಬಿಸಿ ಪ್ಲೋಯ್ ರೊಟ್ಟಿ ಎರಡು ತಿಂದು ಹೋದ.

ಕೊನೆಗೆ ಓದೀಲ್ ಜೇಬಿನಿಂದ ಅಂಗೈಯಗಲದ ಒಂದು ತಗಡು ತೆಗೆದು, ಅಗ್ಗಿಷ್ಟಿಕೆಯ ಬಾಯಿಯ ಒಳ ಅಂಚಿನ ಇಟ್ಟಿಗೆಗೆ ತಿರುಪು ಹಾಕಿ ಕೂರಿಸಿದಳು. ಲೂಜೆ ಬಗ್ಗಿ ಓದಿದ. 'ಒಲೆ ಕೂರಿಸಲು ಈ ಅಗ್ಗಿಷ್ಟಿಕೆಯನ್ನು ಬದಲಾಯಿಸಲಾಗಿದೆ. ಮೊದಲಿನ ಸ್ಥಿತಿಗೆ ತರದೆ ಇದರಲ್ಲಿ ತೆರೆದ ಬೆಂಕಿ ಹಾಕಬಾರದು.'

"ಇದು ಯಾರಿಗೆ?"

"ನಾವೆಲ್ಲ ಹೋದ ಮೇಲೆ ಯಾರೋ ಒಲೆ ಎಳೆದು ಆಚೆ ಹಾಕಿ, ಇಲ್ಲೇ ಬೆಂಕಿ ಹಾಕ್ತೀವಿ ಅಂತ ಕೂತ್ರೆ, ಅವರಿಗೆ."

ತಗಡಿನ ಪಕ್ಕದಲ್ಲೇ ಅವನ ಹಳೆಯ ಅಕ್ಷರಗಳಿದ್ದವು. ಲೂಜೆ ಎರಡನ್ನೂ ನೋಡಿದ. "ನಾನು ಬರೀ ನನ್ನ ಹೆಸರು ಬರೆದುಬಂದೆ ನೋಡು," ಎಂದ. ಆಮೇಲೆ ಕೋಟು ಹಾಕಿಕೊಂಡು ಹೊರಗೆ ಹೋಗಿ, ಹಳೆಯ ತೊಲೆಯ ತುಂಡುಗಳನ್ನು ಹಾಕಿದ್ದ ಪೀಪಾಯಿಯ ಹತ್ತಿರ ಏನೋ ತಡಕಾಡಿದ. ಓದೀಲ್ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಎರಡು ಚಳಿಗಾಲ ಒಣಗಿದ ಮೇಪಲ್ ಸೌದೆಯ ಸಣ್ಣ ಸಣ್ಣ ಚೂರುಗಳನ್ನು ಒಟ್ಟಿ, ಒಲೆಯ ಹೊಸ ಬಣ್ಣದ ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆಗೆದಿಟ್ಟು, ಅವಳು ಮೊದಲ ಬೆಂಕಿ ಹಚ್ಚಿದಳು. ಹೊಗೆ ಒಂದಿಷ್ಟೂ ಕೋಣೆಗೆ ಬರಲಿಲ್ಲ. ಗಾಜಿನ ಹಿಂದೆ ಬೆಂಕಿ ನಿಂತು ಉರಿಯಿತು.

ಹಬ್ಬದ ದಿನ ಇಪ್ಪತ್ತೆರಡು ಜನ ಉಂಡರು. ಕೋಳಿ ಸಾರು, ಪ್ಲೋಯ್, ಸೇಬಿನ ಕಡುಬು. ಎಲ್ಲರೂ ಒಲೆಯನ್ನು ಹೊಗಳಿದರು. "ಲೂಜೆ ಕೆಲಸ ಅಂದ್ಮೇಲೆ ಕೇಳ್ಬೇಕಾ," ಎಂದ ಯಾರೋ ಒಬ್ಬರು. ಲೂಜೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಫಿಲೊಮೆನ್ ಮಾತು ಬೇರೆ ಕಡೆ ತಿರುಗಿಸಿದಳು. ಓದೀಲ್‌ಗೆ ಊಟ ಸೇರಲಿಲ್ಲ. ನಾಳೆ ರಾತ್ರಿಯ ಚಳಿಗೆ ಹದಿನೇಳು ಮನೆಯವರೂ ಒಲೆ ಹಚ್ಚುತ್ತಾರೆ. ಯಾವ ಗೋಡೆಯ ಹಿಂದೆ ಯಾವ ತೊಲೆ ಎಷ್ಟು ಉಳಿದಿದೆಯೋ, ದೇವರಿಗೇ ಗೊತ್ತು.

ಮರುದಿನ ಶನಿವಾರ ಆತ್ಮಗಳ ದಿನ. ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಕೂಗು ನಡೆಯುವುದು ಗ್ರಾಂದ್‌ಕೂದ್‌ನಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದು. ಮನೆಗೊಂದರಂತೆ ಎಲೆಕೋಸೋ, ಆಲೂಗಡ್ಡೆಯೋ, ಹುಂಜವೋ ತಂದು ಮೆಟ್ಟಿಲ ಮೇಲಿಡುತ್ತಾರೆ. ಕೂಗುವವನು ಹರಾಜು ಕೂಗುತ್ತಾನೆ. ಬಂದದ್ದು ಸತ್ತವರ ಹೆಸರಿನ ಪೂಜೆಗೆ ಹೋಗುತ್ತದೆ. ಮೂವತ್ತು ವರ್ಷದಿಂದ ಕೂಗುವವನು ಲೂಜೆ. ಅವನ ಗಂಟಲಿಗೂ ಅವನ ಕೊಂಕಿಗೂ ಸಮನಾದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಅದನ್ನು ಕೇಳಲೆಂದೇ ಪೂಜೆಗೆ ಬರುವವರೂ ಇದ್ದರು.

"ಈ ಎಲೆಕೋಸು ನೋಡ್ರಪ್ಪ!" ಲೂಜೆ ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಆಲ್ಸೀದನ ತಲೆಗಿಂತ ದೊಡ್ಡದು. ಒಳಗೆ ಏನಾದ್ರೂ ಇದೆ ಅನ್ನೋದೊಂದೇ ವ್ಯತ್ಯಾಸ. ಯಾರು ಕೂಗ್ತೀರಿ?"

ಜನ ಬಿದ್ದು ಬಿದ್ದು ನಕ್ಕರು. ಆಲ್ಸೀದನೇ ಕೂಗಿ ಕೊಂಡ. "ನನ್ನ ತಲೆ ಬೇರೆಯವರ ಮನೆ ಸಾರಿಗೆ ಹೋಗೋದು ಬೇಡ," ಎಂದ. ಹುಂಜ ಹೋಯಿತು, ಜೇನು ಹೋಯಿತು, ಆಲೂಗಡ್ಡೆಯ ಪೀಪಾಯಿ ಹೋಯಿತು. ಮೆಟ್ಟಿಲು ಖಾಲಿಯಾಯಿತು. ಜನ ಮನೆಗೆ ಹೊರಡಲು ಗುಂಡಿ ಹಾಕಿಕೊಳ್ಳುತ್ತಿದ್ದರು.

"ನಿಲ್ಲಿ. ಇನ್ನೊಂದು ಮಾಲಿದೆ."

ಲೂಜೆ ಕಂಬದ ಹಿಂದಿನಿಂದ ಗೋಣಿಚೀಲ ಎಳೆದು, ಒಳಗಿನಿಂದ ಒಂದು ತುಂಡು ಮರ ತೆಗೆದ. ಒಂದು ಕಡೆ ಮರ, ಮೂರು ಕಡೆ ಇದ್ದಿಲು. ಎಲೆಕೋಸನ್ನು ಎತ್ತಿದಂತೆಯೇ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಓದೀಲ್‌ಗೆ ಗುರುವಾರ ಅಪ್ಪ ಪೀಪಾಯಿಯ ಬಳಿ ತಡಕಾಡಿದ್ದು ನೆನಪಾಯಿತು.

"ಇದಕ್ಕೆ ಎಷ್ಟು?"

ಮತ್ತೆ ನಗು. "ಸೌದೆ ಸುಟ್ಟು ಮಾರ್ತೀಯಾ ಲೂಜೆ?" ಎಂದ ಆಲ್ಸೀದ.

"ನಾನೇ ಸುಟ್ಟಿದ್ದು," ಎಂದ ಲೂಜೆ. ಅವನ ದನಿಯಲ್ಲಿ ಹರಾಜಿನ ಗತ್ತು ಹಾಗೇ ಇತ್ತು, ಕೊಂಕು ಮಾತ್ರ ಇರಲಿಲ್ಲ. "ನಮ್ಮಕ್ಕನ ಮನೆ ಗೋಡೆ ಒಳಗಿದ್ದ ತೊಲೆ ಇದು. ಸಂತ ಆನಳ ಪಟದ ಹಿಂದೆ. ನಲವತ್ತು ವರ್ಷ ಬೆಂದಿದೆ. ನಾನು ಒಲೆ ದಬ್ಬಿ, ಕೊಳವೆ ಹಾಕದೆ ಬಂದೆನಲ್ಲ, ಅದರಿಂದ. ನನ್ನ ಮಗಳು ಹತ್ತೊಂಬತ್ತು ವರ್ಷದಿಂದ ಹೇಳ್ತಾ ಇದ್ದಳು. ನಾನು ಕೇಳಲಿಲ್ಲ. ನಿಮಗೂ ಹೇಳಿದಳು. ನನ್ನ ಮುಖ ನೋಡಿ ನೀವೂ ಕೇಳಲಿಲ್ಲ. ಈಗ ನಾನು ಹೆಸರು ಕೂಗ್ತೀನಿ. ಹೆಸರು ಕೇಳಿದವರು ಇವತ್ತು ರಾತ್ರಿ ಒಲೆ ಹಚ್ಚಬೇಡಿ. ಎಷ್ಟೇ ಚಳಿಯಾಗಲಿ. ಓದೀಲ್ ಬಂದು ನೋಡೋವರೆಗೂ ಹಚ್ಚಬೇಡಿ."

ನಗು ನಿಂತುಹೋಗಿತ್ತು. ಪಾದ್ರಿಗಳು ಬಾಗಿಲಲ್ಲೇ ನಿಂತರು. ಲೂಜೆ ಚೀಟಿ ಹಿಡಿದಿರಲಿಲ್ಲ. ಹೊಳೆಯ ಮೇಲ್ಗಡೆಯ ತಿರುವಿನಿಂದ ಶುರುಮಾಡಿ, ರಸ್ತೆಯಲ್ಲಿ ನಡೆದುಕೊಂಡು ಬಂದಂತೆ ಮನೆಯಿಂದ ಮನೆಗೆ ಹೆಸರು ಕೂಗಿದ. ಟೀಚರ್ ಬ್ಲಾಂಶ್. ಲೆವಾಸರ ಅಣ್ಣತಮ್ಮಂದಿರು. ಗರಗಸದ ಕಾರ್ಖಾನೆಯ ಹಿಂದಿನ ಹಳದಿ ಮನೆ. ಆಲ್ಸೀದ. ಕೂಗಿದ ಒಂದೊಂದು ಹೆಸರಿಗೂ ಗುಂಪಿನಲ್ಲಿ ಒಂದು ತಲೆ ಅಲುಗುತ್ತಿತ್ತು. ಎಂಟಾದ ಮೇಲೆ ಲೂಜೆ ನಿಂತ. ಗುಂಪಿನ ಅಂಚಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಮುದುಕನ ಕಡೆ ತಿರುಗಿದ.

"ಒನೆಸೀಮ್, ನಿನ್ನ ಮನೆಗೂ ನಾನೇ ದಬ್ಬಿದ್ದು. ನಿನ್ನ ಮನೆ ಯಾಕೆ ಸುಟ್ಟಿತೋ ನನಗೆ ಗೊತ್ತಿಲ್ಲ. ವೈರು ಅಂದ್ರು, ನಾನು ಹೂಂ ಅಂದೆ. ಹಾಗಂದಿದ್ದು ನನಗೆ ಅನುಕೂಲವಾಗಿತ್ತು."

ಲೂಜೆಗೆ ಮುಂದಿನ ಹೆಸರು ಬಾಯಿಗೆ ಬರಲಿಲ್ಲ. ಓದೀಲ್ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಒನೆಸೀಮ್ ಊರುಗೋಲನ್ನು ನೆಲಕ್ಕೆ ಕುಟ್ಟಿದ.

"ನನ್ನ ಮನೆ ಹೋಗಿ ಮೂವತ್ತು ವರ್ಷ ಆಯ್ತು ಕಣೋ. ಇರೋ ಮನೆಗಳದ್ದು ಹೇಳು. ಮುಂದಿನ ಹೆಸರು ಕೂಗು."

ಲೂಜೆ ಕೂಗಿದ. ಒಂಬತ್ತು, ಹತ್ತು, ಹನ್ನೊಂದು. ದನಿ ಮತ್ತೆ ಏರಿ ಹೊಳೆಯ ಆಚೆ ದಡದವರೆಗೂ ಹೋಯಿತು. "ಹದಿನೇಳನೇದು ಲೂಜೆ ಸೀರ್. ನಾನೂ ಇವತ್ತು ಹಚ್ಚಲ್ಲ." ಅಲ್ಲಿಗೆ ಪಟ್ಟಿ ಮುಗಿಯಿತು. ಮರದ ತುಂಡು ಇನ್ನೂ ಅವನ ಕೈಯಲ್ಲೇ ಇತ್ತು. "ಯಾರು... ಇದನ್ನು ಯಾರು ತಗೋತೀರಿ?"

"ಐದು ಡಾಲರ್," ಎಂದಿತು ಒಂದು ದನಿ. ಫಿಲೊಮೆನ್. ಕಪ್ಪು ಕೋಟು ತೊಟ್ಟು, ಕೈಚೀಲ ಎದೆಗೆ ಒತ್ತಿಕೊಂಡು ಮುಂದೆ ಬಂದಳು. "ನನ್ನ ಮನೆ ತೊಲೆ. ನಾನೇ ತಗೋತೀನಿ. ಯಾರಾದ್ರೂ ನನ್ನ ತಮ್ಮನ ಮಾತು ನಂಬದೆ ಇದ್ರೆ ನಮ್ಮನೆಗೆ ಬಂದು ಇದನ್ನ ಮುಟ್ಟಿ ನೋಡ್ಲಿ. ಚಹಾನೂ ಕೊಡ್ತೀನಿ." ತಮ್ಮನ ಕೈಯಿಂದ ತುಂಡು ಕಿತ್ತುಕೊಳ್ಳುವಾಗ ಅವನಿಗೆ ಮಾತ್ರ ಕೇಳುವಂತೆ, "ಬಾಯಿ ಮುಚ್ಕೊಂಡಿರು ಅಂದಿದ್ದೆ. ಯಾವತ್ತು ಕೇಳಿದೀಯ ನೀನು," ಎಂದಳು. ಅವಳ ಬಿಳಿ ಕೈಗವಸು ಪೂರಾ ಕಪ್ಪಾಯಿತು.

ಓದೀಲ್ ಸುತ್ತ ಜನ ಸೇರಿದರು. ಸೋಮವಾರ ಯಾರಿಗೆ, ಮಂಗಳವಾರ ಯಾರಿಗೆ ಎಂದು ಅವಳು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಅಂಗೈ ಸಾಲದೆ ಮಣಿಕಟ್ಟಿಗೆ ಬಂದಳು. ಆಲ್ಸೀದ ಮಾತ್ರ ಹತ್ತಿರ ಬರಲಿಲ್ಲ. ಎಲೆಕೋಸು ಬಗಲಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ತನ್ನ ಗಾಡಿ ಹತ್ತಿ ಹೊರಟುಹೋದ. ಲೂಜೆ ಅವನು ಹೋದ ದಾರಿಯನ್ನೇ ನೋಡುತ್ತಿದ್ದ.

ಮಧ್ಯಾಹ್ನವೆಲ್ಲ ಅಪ್ಪ ಮಗಳು ಟೀಚರ್ ಬ್ಲಾಂಶಳ ಮನೆಯ ಚಿಮಣಿ ನೋಡಿದರು. ಒಂಟಿ ಹೆಂಗಸು, ವಯಸ್ಸಾದವಳು, ಅವಳಿಗೆ ಕಾಯಲು ಹೇಳುವಂತಿರಲಿಲ್ಲ. ಅಲ್ಲಿಂದ ಹೊರಡುವಾಗ ನಾಲ್ಕು ದಾಟಿ ಹೊತ್ತು ಮುಳುಗುತ್ತಿತ್ತು. ರೇಡಿಯೋದವರು ಸುಳ್ಳು ಹೇಳಿರಲಿಲ್ಲ. ಹೊಳೆಯ ಅಂಚಿನಲ್ಲಿ ಆಗಲೇ ಹಾಳೆಯಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.

"ನಿಧಾನ ಹೋಗು," ಎಂದ ಲೂಜೆ.

ಓದೀಲ್ ಗಾಡಿಯನ್ನು ನಿಧಾನ ಮಾಡಿದಳು. ಲೂಜೆ ಕಿಟಕಿ ಇಳಿಸಿ, ಚಳಿಗೆ ಮುಖ ಕೊಟ್ಟು ಕುಳಿತ. ದೂರದಲ್ಲಿ ಫಿಲೊಮೆನ್ ಮನೆಯ ಚಿಮಣಿಯಿಂದ ಒಂದೇ ಒಂದು ಎಳೆ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಲೆವಾಸರ ಚಿಮಣಿ ಬಂತು. ಅವನ ತುಟಿ ಅಲುಗಿತು. ಹೊಗೆ ಇರಲಿಲ್ಲ. ಹಳದಿ ಮನೆ ಬಂತು. ಅಲ್ಲೂ ಇರಲಿಲ್ಲ. ಮುಂದಿನದು ಆಲ್ಸೀದನದು.

ಓದೀಲ್ ತಾನಾಗಿಯೇ ಗಾಡಿ ನಿಲ್ಲಿಸಿದಳು. ಚಿಮಣಿಯ ಮೇಲೆ ಬರೀ ಆಕಾಶ. ಕೆಳಗೆ ಕಿಟಕಿಯಲ್ಲಿ ದೀಪ ಹತ್ತಿತ್ತು. ಒಳಗೆ ಮೇಜಿನ ಮುಂದೆ ಆಲ್ಸೀದ ಮತ್ತು ಅವನ ಹೆಂಡತಿ, ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ, ಉಣ್ಣೆಯ ಕೈಗವಸು ತೊಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು. ಎಲೆಕೋಸು ಮೇಜಿನ ಮೇಲೇ ಇತ್ತು. ಆಲ್ಸೀದ ಗಾಡಿಯ ಬೆಳಕು ಕಂಡು ತಿರುಗಿದ. ಕೈಗವಸಿನ ದಪ್ಪ ಬೆರಳುಗಳಲ್ಲಿ ಹೇಗೋ ಹಿಡಿದಿದ್ದ ಇಸ್ಪೀಟೆಲೆಗಳನ್ನು ಅವರತ್ತ ಒಮ್ಮೆ ಎತ್ತಿ ತೋರಿಸಿ, ಮತ್ತೆ ಆಟಕ್ಕೆ ತಿರುಗಿದ.